ಗಾದೆಯ ಅರ್ಥ ಮತ್ತು ಆಡುವವರ ನೆಲೆ

‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಮಾತು ಗಾದೆಗಳನ್ನು ಕುರಿತ ಬರಹಗಳಲ್ಲಿ ಪುನರುಕ್ತವಾಗುತ್ತ ಬಂದಿದೆ. ಗಾದೆಯೆಂದರೆ ಜನಪದರ ಅನುಭವದ ಸಾರ, ಸಾರ್ವಕಾಲಿಕ ಸತ್ಯ ಎಂಬ ಗ್ರಹಿಕೆ ಇದರ ಹಿಂದಿದೆ. ಆದರೆ ‘ತಾಳಿದವನು ಬಾಳಿಯಾನು’ ಎಂದ ನಾಲಗೆಯೇ ‘ಗಾಳಿ ಬಂದಾಗ ತೂರಿಕೋ’ ಎಂದೂ ನುಡಿಯುತ್ತದೆ. ಒಂದು ಕಾಯಲು ಹೇಳಿದರೆ ಮತ್ತೊಂದು ಅವಸರಿಸುತ್ತದೆ. ಯಾವುದು ಸಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಸಂದರ್ಭವೇ ಹೊರತು ಗಾದೆಯಲ್ಲ.

ಯೊರುಬಾ ಗಾದೆಗಳನ್ನು ಕುರಿತು 1964ರಲ್ಲಿ ಬರೆದ ಇ. ಓಜೊ ಅರೆವಾ ಮತ್ತು ಅಲನ್ ಡಂಡೆಸ್, ಪಠ್ಯದೊಡನೆ ಸಂದರ್ಭವನ್ನೂ ದಾಖಲಿಸಬೇಕೆಂದು ಪ್ರತಿಪಾದಿಸಿದರು. ಕನ್ನಡದ ಮಟ್ಟಿಗೆ ಈ ಮಾತು ಇಂದಿಗೂ ಪ್ರಸ್ತುತ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬುದನ್ನು ಅತ್ತೆ ಆಡಿದರೆ ಹಳಹಳಿಕೆ, ಸೊಸೆ ಆಡಿದರೆ ಎಚ್ಚರಿಕೆ, ನೆರೆಯವಳು ಆಡಿದರೆ ಸಾಂತ್ವನ. ಪದಗಳು ಅವೇ ಆದರೂ ಮಾತಿನ ಕಾರ್ಯ ಬೇರೆ.

ನಿತ್ಯದ ಮಾತಿನಲ್ಲಿ ಗಾದೆ ಇಡಿಯಾಗಿ ಬರಬೇಕೆಂದೂ ಇಲ್ಲ. ‘ಕುಣಿಯಲಾರದವಳು ನೆಲ ಡೊಂಕು ಎಂದಳು’ ಎಂಬುದು ‘ನೆಲ ಡೊಂಕಂತೆ’ ಎಂದಷ್ಟಕ್ಕೇ ಮೊಟಕುಗೊಳ್ಳುತ್ತದೆ. ಉಳಿದುದನ್ನು ಕೇಳುಗರು ತುಂಬಿಕೊಳ್ಳುತ್ತಾರೆ. ಆ ‘ಅಂತೆ’ ಪ್ರತ್ಯಯವೂ ‘ಹಿರಿಯರು ಹೇಳಿಲ್ಲವೆ’ ಎಂಬ ಪೀಠಿಕೆಯೂ ಮಾತಿನ ಹೊಣೆಯನ್ನು ಆಡುವವರಿಂದ ಪರಂಪರೆಗೆ ವರ್ಗಾಯಿಸುತ್ತವೆ. ಹಿರಿಯರಿಗೆ ಎದುರಾಡಲಾಗದ ಸೊಸೆಗೆ ಇದು ಆಸರೆ. ಆದರೆ ‘ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ’ ಎಂದು ಹೀಗಳೆಯುವವನಿಗೂ ಇದೇ ಆಸರೆ. ಗಾದೆ ಸುಳ್ಳಾಗದು ಎಂದು ಒಪ್ಪಿಕೊಂಡರೆ ಈ ಎರಡನೆಯ ಬಳಕೆಯನ್ನು ಪ್ರಶ್ನಿಸುವ ದಾರಿಯೇ ಮುಚ್ಚುತ್ತದೆ.

1894ರಲ್ಲಿ ಪ್ರಕಟವಾದ ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪದಗಳ ಬಳಕೆಗೆ ನಿದರ್ಶನವಾಗಿ ಅನೇಕ ಗಾದೆಗಳನ್ನು ನೀಡಿತು. ಪದದ ಅರ್ಥ ತೋರಿಸುವ ನಿಘಂಟಿಗೆ ಅಷ್ಟು ಸಾಕು; ಜಾನಪದ ಸಂಗ್ರಹಕ್ಕೆ ಸಾಲದು. ಗಾದೆಗಳನ್ನು ಅಕಾರಾದಿಯಾಗಿ ಮಾತ್ರ ಜೋಡಿಸಿದ ಸಂಕಲನಗಳಲ್ಲಿ ಆಡಿದವರೂ ಕೇಳಿದವರೂ ಕಾಣೆಯಾಗುತ್ತಾರೆ. ಶಾಲೆಯ ‘ಗಾದೆ ವಿಸ್ತರಣೆ’ ಈ ಕೊರತೆಯನ್ನು ಇನ್ನಷ್ಟು ಬೆಳೆಸುತ್ತದೆ: ವಿದ್ಯಾರ್ಥಿಯು ಗಾದೆಗೆ ಒಂದೇ ನೀತಿಯನ್ನು ಹೊಂದಿಸಿ ಬರೆಯುತ್ತಾನೆ, ಅದಕ್ಕೆ ಎದುರಾದ ಗಾದೆಯನ್ನು ಹುಡುಕುವುದಿಲ್ಲ.

ಗಾದೆಗಳನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬ ಆತಂಕ ಸಹಜವೇ. ಆದರೆ ಪಠ್ಯಗಳು ಮುದ್ರಣದಲ್ಲಿ ಉಳಿದಾವು. ಅವುಗಳನ್ನು ಆಡುವ ಜಾಣ್ಮೆ ಹಾಗೆ ಉಳಿಯದು. ಆದುದರಿಂದ ಮುಂದಿನ ಕ್ಷೇತ್ರಕಾರ್ಯವು ಗಾದೆಯೊಂದಿಗೆ ಆಡಿದವರು, ಕೇಳಿದವರು, ಅವರ ನಡುವಣ ಸಂಬಂಧ, ಆಡಿದ ಭಾಗ, ಬಂದ ಮರುನುಡಿ ಇವನ್ನೂ ದಾಖಲಿಸಬೇಕು. ಮುಖ್ಯವಾಗಿ ಮರುನುಡಿಯನ್ನು ಬಿಡಬಾರದು. ಗಾದೆಗೆ ಗಾದೆಯಿಂದಲೇ ಉತ್ತರ ಕೊಟ್ಟವರ ಮಾತು ಸೇರಿದಾಗಲೇ ಸಂಗ್ರಹವು ಜನಪದರ ವಿವೇಕವನ್ನು ಪೂರ್ಣವಾಗಿ ಪ್ರತಿನಿಧಿಸೀತು.