ಡೆಕ್ ಮೇಲಿಳಿದ ತೇಜಸ್: ಪರೀಕ್ಷೆ ಗೆದ್ದಿತು, ವಿಮಾನ ಬರಲಿಲ್ಲ

2023ರ ಜೂನ್ 16ರ ಬೆಳಿಗ್ಗೆ 7.35ಕ್ಕೆ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಸಮೀಪದ ಡಿಆರ್‌ಡಿಒ ರನ್‌ವೇಯಿಂದ ‘ತಪಸ್’ ಎಂಬ ಪೈಲಟ್‌ರಹಿತ ವಿಮಾನ ಮೇಲೆದ್ದಿತು. ಅಲ್ಲಿಂದ ಕಾರವಾರದ ನೌಕಾನೆಲೆಗೆ 285 ಕಿ.ಮೀ. ಕಾರವಾರದಿಂದ ಮತ್ತೆ 148 ಕಿ.ಮೀ. ಕಡಲೊಳಗಿದ್ದ ಐಎನ್‌ಎಸ್ ಸುಭದ್ರಾ ಹಡಗು, ಹಾರುತ್ತಿದ್ದ ಆ ವಿಮಾನದ ನಿಯಂತ್ರಣವನ್ನು 40 ನಿಮಿಷ ತನ್ನ ಕೈಗೆ ತೆಗೆದುಕೊಂಡಿತು. ಮೂರೂವರೆ ಗಂಟೆಯ ಹಾರಾಟ ಮುಗಿಸಿ ತಪಸ್ ಹೊರಟಲ್ಲಿಗೇ ಮರಳಿ ಇಳಿಯಿತು. ಮಳೆಯೇ ಅಪರೂಪವಾದ ಚಳ್ಳಕೆರೆ ಸೀಮೆಗೂ ಅರಬ್ಬೀ ಸಮುದ್ರಕ್ಕೂ ಹೀಗೊಂದು ನಂಟು ಬೆಳೆದಿದೆ.

ಆದರೆ ತಪಸ್ ಹಡಗಿನ ಮೇಲೆ ಇಳಿಯಲಿಲ್ಲ. ಇಳಿಯುವುದಕ್ಕೆಂದು ಅದನ್ನು ಕಟ್ಟಿರಲೂ ಇಲ್ಲ. ಹಡಗಿನಿಂದಲೇ ಹಾರಿ, ಶತ್ರು ವಿಮಾನವನ್ನೂ ಶತ್ರು ನೌಕೆಯನ್ನೂ ಎದುರಿಸಿ, ಮತ್ತೆ ಅದೇ ಹಡಗಿನ ಮೇಲೆ ಬಂದಿಳಿಯುವ ಬಹುಪಾತ್ರದ ಯುದ್ಧವಿಮಾನ ಬೇರೆಯೇ ಮಟ್ಟದ ಕೆಲಸ. ಭಾರತ ಅದನ್ನು ಒಮ್ಮೆ ಮಾಡಿ ನೋಡಿದೆ. ಬೆಂಗಳೂರಿನಲ್ಲಿ ವಿನ್ಯಾಸಗೊಂಡು ಬೆಂಗಳೂರಿನಲ್ಲೇ ಮೊದಲು ಹಾರಿದ ನೌಕಾ ತೇಜಸ್ ಆ ಪ್ರಯತ್ನ. ಅದು ಗೆದ್ದಿತೋ ಸೋತಿತೋ ಎಂಬ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟವರೆಲ್ಲ ಅರ್ಧವನ್ನಷ್ಟೇ ಹೇಳಿದ್ದಾರೆ.

ಕೆಲಸದ ಕಷ್ಟವನ್ನು ಅಳೆಯಲು ನಾಯಕನಹಟ್ಟಿಯ ರನ್‌ವೇಯೇ ಒಳ್ಳೆಯ ಅಳತೆಗೋಲು. ಅದರ ಉದ್ದ ಎರಡು ಕಿ.ಮೀ.ಗೂ ಹೆಚ್ಚು. 2024ರ ಜೂನ್ 23ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ‘ಪುಷ್ಪಕ್’ ಇಲ್ಲಿ ಇಳಿದಾಗ ಅದರ ವೇಗ ಗಂಟೆಗೆ 320 ಕಿ.ಮೀ. ದಾಟಿತ್ತು. ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಕೈಬಿಟ್ಟ ಆ ನೌಕೆ ತಾನೇ ದಾರಿ ತಿದ್ದಿಕೊಂಡು ಬಂದು, ಮೊದಲು ಪ್ಯಾರಾಶೂಟ್ ಬಿಚ್ಚಿ, ಆಮೇಲೆ ಗಾಲಿಯ ಬ್ರೇಕ್ ಹಾಕಿ ನಿಂತಿತು. ನೌಕಾ ಪೈಲಟ್‌ಗೆ ಈ ಸಾವಕಾಶ ಇಲ್ಲ. ಐಎನ್‌ಎಸ್ ವಿಕ್ರಾಂತ್ ವಿಮಾನವಾಹಕ ನೌಕೆ ಇಡಿಯಾಗಿ 262 ಮೀಟರ್ ಉದ್ದ. ವಿಮಾನ ನಿಲ್ಲಲು ಸಿಗುವುದು ಅದರಲ್ಲಿ ಸುಮಾರು 90 ಮೀಟರ್. ಗಂಟೆಗೆ 240 ಕಿ.ಮೀ. ವೇಗದಿಂದ ಎರಡೂವರೆ ಸೆಕೆಂಡಿನಲ್ಲಿ ಸೊನ್ನೆಗೆ ಬರಬೇಕು. ಅದೂ ಅಲೆಯ ಮೇಲೆ ಏಳುತ್ತ ಬೀಳುತ್ತ ಮುಂದೆ ಸಾಗುತ್ತಿರುವ ಡೆಕ್ ಮೇಲೆ.

ನೆಲದ ಮೇಲಿಳಿಯುವ ವಿಮಾನ ಕೊನೆಯ ಗಳಿಗೆಯಲ್ಲಿ ಮೂತಿ ಎತ್ತಿ ಮೆತ್ತಗೆ ಕೂರುತ್ತದೆ. ಹಡಗಿನ ವಿಮಾನ ಹಾಗೆ ಮಾಡುವಂತಿಲ್ಲ. ಇಳಿಜಾರಿನ ಕೋನವನ್ನು ಬಿಡದೆ ನೇರ ಬಂದು ಡೆಕ್‌ಗೆ ಅಪ್ಪಳಿಸುತ್ತದೆ. ಹಿಂಬದಿಯ ಕೊಕ್ಕೆ ಅಡ್ಡ ಕಟ್ಟಿದ ಉಕ್ಕಿನ ತಂತಿಗಳಲ್ಲೊಂದನ್ನು ಹಿಡಿಯಬೇಕು. ಗಾಲಿ ತಾಗಿದ ಕ್ಷಣವೇ ಪೈಲಟ್ ಎಂಜಿನ್ನಿಗೆ ಪೂರ್ಣ ಶಕ್ತಿ ಕೊಡುತ್ತಾನೆ. ಕೊಕ್ಕೆ ತಪ್ಪಿದರೆ ಮತ್ತೆ ಹಾರಿಹೋಗಲು ಇರುವ ದಾರಿ ಅದೊಂದೇ. ಇಂಥ ಹೊಡೆತವನ್ನು ದಿನವೂ ತಾಳಲು ಗಾಲಿಕಾಲು, ಬೆನ್ನುಮೂಳೆ ಎಲ್ಲವೂ ಗಟ್ಟಿಯಾಗಬೇಕು. ಗಟ್ಟಿಯಾದಷ್ಟೂ ತೂಕ ಏರುತ್ತದೆ. ತೂಕ ಏರಿದಷ್ಟೂ ಹಾರುವುದು ಕಷ್ಟ, ಏಕೆಂದರೆ ನಮ್ಮ ಹಡಗುಗಳಲ್ಲಿ ವಿಮಾನವನ್ನು ಎಸೆಯುವ ಕವಣೆಯಂತ್ರ ಇಲ್ಲ. ಮೂತಿಯಲ್ಲಿ 14 ಡಿಗ್ರಿ ಬಾಗಿ ಎದ್ದಿರುವ ಸ್ಕೀ-ಜಂಪ್ ಏರನ್ನು ಹತ್ತಿ, ಸ್ವಂತ ಎಂಜಿನ್ ಬಲದಿಂದಲೇ ಗಾಳಿಗೆ ನೆಗೆಯಬೇಕು. ಇಂಧನ, ಕ್ಷಿಪಣಿ ಎಷ್ಟು ಹೊರಬಹುದು ಎಂಬುದನ್ನು ಆ ಏರು ನಿರ್ಧರಿಸುತ್ತದೆ.

ನೌಕಾ ತೇಜಸ್‌ನ ಹಣೆಬರಹ ಸಿಕ್ಕಿಕೊಂಡದ್ದು ಇಲ್ಲೇ. 2003ರಲ್ಲಿ ಯೋಜನೆಗೆ ಮಂಜೂರಾತಿ ಸಿಕ್ಕಿತು. ವಾಯುಪಡೆಗೆಂದು ಕಟ್ಟಿದ ಪುಟ್ಟ ಒಂಟಿ ಎಂಜಿನ್ ವಿಮಾನವನ್ನು ಏರೊನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ಮತ್ತು ಎಚ್‌ಎಎಲ್ ತಿದ್ದಲು ಹೊರಟವು. ಡೆಕ್ ಕಾಣಲೆಂದು ಮೂತಿಯನ್ನು ತಗ್ಗಿಸಿದರು. ಇಳಿಯುವ ವೇಗ ಕಡಿಮೆಯಾಗಲೆಂದು ರೆಕ್ಕೆಯ ಬುಡದಲ್ಲಿ ‘ಲೆವ್‌ಕಾನ್’ ಎಂಬ ಚಲಿಸುವ ಪಟ್ಟಿ ಸೇರಿಸಿದರು. ಗಾಲಿಕಾಲು ಬಲಗೊಂಡಿತು, ಕೊಕ್ಕೆ ಬಂತು. ಮೊದಲ ಮೂಲಮಾದರಿ ಬೆಂಗಳೂರಿನಲ್ಲಿ ಹಾರಿದ್ದು 2012ರ ಏಪ್ರಿಲ್ 27ರಂದು. ವಾಯುಪಡೆಯ ತೇಜಸ್‌ ಮೊದಲು ಹಾರಿದ್ದು 2001ರ ಜನವರಿ 4ರಂದು. ನಡುವಿನ ಅಂತರ 11 ವರ್ಷ.

ಫ್ರಾನ್ಸ್ ಈ ಕೆಲಸವನ್ನು ಹೇಗೆ ಮಾಡಿತು ನೋಡಿ. ವಾಯುಪಡೆಯ ರಫೇಲ್-ಸಿ 1991ರ ಮೇ ತಿಂಗಳಲ್ಲಿ ಹಾರಿದರೆ, ನೌಕಾಪಡೆಯ ರಫೇಲ್-ಎಂ ಅದೇ ವರ್ಷ ಡಿಸೆಂಬರ್‌ನಲ್ಲಿ ಹಾರಿತು. ಹಡಗಿನ ಹೊಡೆತ ತಾಳುವ ದೇಹ ಅಲ್ಲಿ ಮೊದಲ ನಕ್ಷೆಯಲ್ಲೇ ಇತ್ತು. ನಮ್ಮಲ್ಲಿ ನೌಕಾಪಡೆಯ ಅಗತ್ಯ ಆಮೇಲೆ ಬಂದು ಸೇರಿತು. ತೇಜಸ್ ತಂಡದ ಜಾಣ್ಮೆಗೆ ಇದರಲ್ಲಿ ಕೊರತೆ ಇರಲಿಲ್ಲ. ತಪ್ಪು ಕೆಲಸದ ಸರದಿಯಲ್ಲಿತ್ತು. ಈಗಾಗಲೇ ಕಟ್ಟಿ ಮುಗಿದ ಮೈಗೆ ಹೊಸ ಎಲುಬು ಕೂಡಿಸುವಾಗ ಒಂಟಿ ಎಫ್404 ಎಂಜಿನ್ ಹೊರಲಾರದಷ್ಟು ತೂಕ ಬಂದೇ ಬರುತ್ತದೆ.

2016ರ ಡಿಸೆಂಬರ್‌ನಲ್ಲಿ ಆಗಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಸುನಿಲ್ ಲಾಂಬಾ, ಈ ವಿಮಾನ ಹಡಗಿನಿಂದ ಕಾರ್ಯಾಚರಣೆಗೆ ತಕ್ಕುದಲ್ಲ, ತೂಕ ಹೆಚ್ಚು ಎಂದು ಬಹಿರಂಗವಾಗಿಯೇ ಹೇಳಿದರು. ಕಠಿಣ ಮಾತು, ಆದರೆ ನ್ಯಾಯದ ಮಾತು. ಪೂರ್ಣ ಶಸ್ತ್ರಭಾರದೊಡನೆ ಏಳಲಾಗದ ವಿಮಾನವನ್ನು ನಂಬಿ ನೌಕಾಪಡೆ ಯುದ್ಧಕ್ಕೆ ಹೋಗಲಾರದು. ಹಾಗೆಂದು ಹೊರಗಿನಿಂದ ಕೊಂಡದ್ದೆಲ್ಲ ಸಿದ್ಧವಾಗಿತ್ತೆಂದೂ ಅಲ್ಲ. ಅದೇ ವರ್ಷದ ಸಿಎಜಿ ವರದಿಯ ಪ್ರಕಾರ ರಷ್ಯಾದ ಮಿಗ್-29ಕೆ ವಿಮಾನಗಳ ಹಾರಾಟ ಸಿದ್ಧತೆ ಶೇ 15.93ರಿಂದ 37.63ರ ನಡುವೆ ಇತ್ತು. ಹಣ ಕೊಟ್ಟು ತಂದ ವಿಮಾನಗಳಲ್ಲಿ ಹೆಚ್ಚಿನವು ಹಾರುವ ಸ್ಥಿತಿಯಲ್ಲಿ ಇರಲಿಲ್ಲವೆಂದರೆ, ಸ್ವಂತ ವಿಮಾನದ ಪ್ರಯತ್ನವನ್ನು ದುಂದು ಎಂದು ಜರೆಯುವ ಹಕ್ಕು ಯಾರಿಗೂ ಉಳಿಯುವುದಿಲ್ಲ.

ಲಾಂಬಾ ಅವರ ಮಾತಿನ ನಂತರವೂ ತಂಡ ಕೈಚೆಲ್ಲಲಿಲ್ಲ. ಗೋವಾದ ಐಎನ್‌ಎಸ್ ಹಂಸ ವಾಯುನೆಲೆಯಲ್ಲಿ ದಡದ ಮೇಲೇ ಕಟ್ಟಿದ ಡೆಕ್ ಒಂದಿದೆ: ಅದೇ ಸ್ಕೀ-ಜಂಪ್, ಅವೇ ತಂತಿಗಳು. ಅಲ್ಲಿ 2014ರ ಡಿಸೆಂಬರ್ 20ರಂದೇ ನೌಕಾ ತೇಜಸ್ ಏರು ಹತ್ತಿ ಹಾರಿತ್ತು. 2019ರ ಸೆಪ್ಟೆಂಬರ್ 13ರಂದು ಅಲ್ಲಿಯೇ ತಂತಿ ಹಿಡಿದು ನಿಂತಿತು. 2020ರ ಜನವರಿ 11ರಂದು ಕಮೊಡೋರ್ ಜೈದೀಪ್ ಮಾವಳಂಕರ್ ಅದನ್ನು ನಿಜವಾದ ಕಡಲಿನಲ್ಲಿ, ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ಇಳಿಸಿದರು. ಮರುದಿನವೇ ಅದು ಹಡಗಿನಿಂದ ಹಾರಿತು. 2023ರ ಫೆಬ್ರುವರಿ 6ರಂದು ವಿಕ್ರಾಂತ್ ಮೇಲೂ ಇಳಿಯಿತು. ಸ್ವಂತ ಯುದ್ಧವಿಮಾನವನ್ನು ಹಡಗಿನ ಮೇಲಿಳಿಸಿದ ದೇಶಗಳು ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು. ಆ ಎರಡೂವರೆ ಸೆಕೆಂಡಿನ ಹಿಂದಿನ ಗಣಿತ, ನಿಯಂತ್ರಣ ತಂತ್ರಾಂಶ, ಕೊಕ್ಕೆಯ ಲೋಹ, ಪೈಲಟ್‌ನ ಅಂದಾಜು ಯಾವ ಸಂತೆಯಲ್ಲೂ ಮಾರಾಟಕ್ಕಿಲ್ಲ. ಪರೀಕ್ಷಾ ವಿಮಾನವಾಗಿ ನೌಕಾ ತೇಜಸ್‌ಗೆ ಪೂರ್ಣಾಂಕ ಕೊಡಬೇಕು. ಬಹುಪಾತ್ರದ ಯುದ್ಧವಿಮಾನವಾಗಿ ಅದು ಹುಟ್ಟಲೇ ಇಲ್ಲ.

ಹುಟ್ಟದ ಜಾಗವನ್ನು ಈಗ ರಫೇಲ್-ಎಂ ತುಂಬಲಿದೆ. 2022ರ ಜನವರಿಯಲ್ಲಿ ಅದು ಗೋವಾದ ಅದೇ ಏರಿನ ಮೇಲೆ ಪರೀಕ್ಷೆ ಕೊಟ್ಟಿತು. 2025ರ ಏಪ್ರಿಲ್ 28ರಂದು 26 ವಿಮಾನಗಳ ಒಪ್ಪಂದಕ್ಕೆ ಸಹಿ ಬಿತ್ತು. ಮೊತ್ತ ಸುಮಾರು 63,000 ಕೋಟಿ ರೂಪಾಯಿ. ಮೀಟಿಯೋರ್, ಎಕ್ಸೊಸೆಟ್‌ನಂಥ ಕ್ಷಿಪಣಿ ಹೊರುವ ಅದರ ಶಕ್ತಿಯಲ್ಲಿ ಸಂಶಯವಿಲ್ಲ. ಅದರ ರೆಕ್ಕೆ ಮಡಚುವುದಿಲ್ಲ ಎಂಬ ಕೊರತೆ ಜಾಗ ಕಿರಿದಾದ ಹಡಗಿನಲ್ಲಿ ಸಣ್ಣದಲ್ಲ. ಆದರೂ ಇಂದಿನ ಆಯ್ಕೆ ಸರಿಯಾದುದೇ.

ಮತ್ತೆ ನಾಯಕನಹಟ್ಟಿಯ ಬಯಲಿಗೆ ಬರೋಣ. ಇಲ್ಲಿನ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ನೌಕಾ ತೇಜಸ್‌ನ ಡೆಕ್ ಪರೀಕ್ಷೆಗಳು ಇಲ್ಲಿ ನಡೆಯಲಿಲ್ಲ. ಅದಕ್ಕೆ ಗೋವಾವೇ ತಾಣ. ಆದರೆ ಹಡಗಿನ ವಿಮಾನದ ಮುಂದಿನ ತಲೆಮಾರಿನ ಒಂದು ತುಂಡು ಇಲ್ಲೇ ಬೆಳೆಯುತ್ತಿದೆ. 2022ರ ಜುಲೈ 1ರಂದು, ಬರೀ ರೆಕ್ಕೆಯೇ ದೇಹವಾದ ಪೈಲಟ್‌ರಹಿತ ಜೆಟ್ ಇಲ್ಲಿ ತಾನಾಗಿ ಹಾರಿ ತಾನಾಗಿ ಇಳಿಯಿತು. ನೆಲದ ರೇಡಾರ್ ನೆರವಿಲ್ಲದೆ ಇಳಿಯುವ ಅದರ ವಿದ್ಯೆ ಹಡಗಿಗೂ ಬೇಕಾದದ್ದೇ. ಅಮೆರಿಕದ ಎಕ್ಸ್-47ಬಿ 2013ರ ಜುಲೈನಲ್ಲೇ ಇಂಥ ರೂಪದಲ್ಲಿ ಯುದ್ಧನೌಕೆಯ ಮೇಲಿಳಿದಿತ್ತು.

ಇದೇ ನೆಲ ಸೋಲನ್ನೂ ಕಂಡಿದೆ. 2019ರ ಸೆಪ್ಟೆಂಬರ್ 17ರಂದು ಪೈಲಟ್‌ರಹಿತ ವಿಮಾನ ರುಸ್ತುಂ-2 ಜೋಡಿಚಿಕ್ಕೇನಹಳ್ಳಿಯ ಹೊಲಕ್ಕೆ ಬಿತ್ತು. 2023ರ ಆಗಸ್ಟ್ 20ರಂದು ತಪಸ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಬಿತ್ತು. ಬೀಳುವುದು ಪರೀಕ್ಷೆಯ ಭಾಗ, ಅದನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು ಬೇರೆ ಇದೆ. 30,000 ಅಡಿ ಎತ್ತರ, 24 ಗಂಟೆ ಹಾರಾಟದ ಗುರಿಗೆ ಹತ್ತಿರ ಬಂದ ತಪಸ್‌ ಆದ್ಯತೆಯ ಯೋಜನೆಗಳ ಪಟ್ಟಿಯಿಂದ ಹೊರಬಿತ್ತು. ನೌಕಾ ತೇಜಸ್‌ನ ಕಥೆಯೂ ಇದೇ. ಮುಕ್ಕಾಲು ದಾರಿ ನಡೆದು ನಿಲ್ಲುವುದು ನಮ್ಮ ವಿಮಾನ ಕಟ್ಟುವ ಪದ್ಧತಿಯ ದೊಡ್ಡ ದೋಷ.

ಆ ದೋಷದ ಬೆಲೆಯನ್ನು ಕೋಟಿಗಳಲ್ಲಿ ಮಾತ್ರ ಅಳೆಯುವಂತಿಲ್ಲ. ರಕ್ಷಣೆ, ವಿಜ್ಞಾನ ಸಂಸ್ಥೆಗಳಿಗೆ ಇಲ್ಲಿ ಹೋದದ್ದು ಸಾವಿರಾರು ಎಕರೆ ಅಮೃತಮಹಲ್ ಕಾವಲು. ಮೈಸೂರು ಸೇನೆಯ ತೋಪು ಎಳೆದ ರಾಸುಗಳ ತಳಿ ಮೇದ ಹುಲ್ಲುಗಾವಲು ಅದು. ಕುರಿ ಸಾಕುವವರು, ಕಂಬಳಿ ನೇಯುವವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದ್ದೂ ಆಯಿತು. ಮೇವಿನ ನೆಲ ಕಳೆದುಕೊಂಡ ಊರುಗಳಿಗೆ ಅರ್ಧಕ್ಕೆ ನಿಂತ ಯೋಜನೆ ಎರಡು ಸಲ ನಷ್ಟ.

ನೌಕಾ ತೇಜಸ್‌ನ ಪಾಠದಿಂದ ಎದ್ದು ಬಂದದ್ದು ಎರಡು ಎಂಜಿನ್‌ನ ಡೆಕ್ ಯುದ್ಧವಿಮಾನದ ಯೋಜನೆ, ಟಿಇಡಿಬಿಎಫ್. ಎರಡು ಎಫ್414 ಎಂಜಿನ್, ಮಡಚುವ ರೆಕ್ಕೆ, ಸುಮಾರು 26 ಟನ್ ತೂಕ. ಮೊದಲ ಗೆರೆಯಿಂದಲೇ ಹಡಗಿಗಾಗಿ ಬರೆದ ನಕ್ಷೆ. ಈ ಸಲ ಸರದಿ ಸರಿಯಾಗಿದೆ. ಆದರೆ 2020ರಲ್ಲಿ ಡೆಕ್ ಇಳಿಕೆಯನ್ನು ಕಣ್ಣಾರೆ ಕಂಡ ಎಂಜಿನಿಯರುಗಳು, ಪೈಲಟ್‌ಗಳು ಕೆಲಸದಲ್ಲಿ ಇರುವಾಗಲೇ ಇದು ಲೋಹವಾಗಬೇಕು. ರಫೇಲ್-ಎಂ ಸಾಲಿನ ಕೊನೆಯ ವಿಮಾನ 2030ಕ್ಕೆ ಬರಲಿದೆ. ಅಷ್ಟರೊಳಗೆ ಸ್ವದೇಶಿ ಡೆಕ್ ವಿಮಾನದ ಮೂಲಮಾದರಿ ಗೋವಾದ ಏರಿನ ಮುಂದೆ ನಿಲ್ಲುವಂತೆ ಹಣವನ್ನೂ ಗಡುವನ್ನೂ ಒಟ್ಟಿಗೇ ಕೊಡುವುದು ಕೇಂದ್ರ ಸರ್ಕಾರದ ಹೊಣೆ.