ಕದ್ರಿಯಲ್ಲಿ ಪ್ರಶ್ನೆ, ಕೊಣಾಜೆಯಲ್ಲಿ ಉತ್ತರ

ಮಂಗಳೂರಿಗೆ ಬರುವವರ ಪ್ರಶ್ನೆಗಳಿಗೆ ಊರಿನ ಬಳಿ ಒಂದು ಸಿದ್ಧ ಪಟ್ಟಿ ಇದೆ. ಬೆಳಿಗ್ಗೆ ಕದ್ರಿ, ಮಂಗಳಾದೇವಿ, ಕುದ್ರೋಳಿ; ಮಧ್ಯಾಹ್ನ ಅಲೋಶಿಯಸ್ ಚಾಪೆಲ್, ಸುಲ್ತಾನ್ ಬತ್ತೇರಿ; ಸಂಜೆ ಪಣಂಬೂರು ಇಲ್ಲವೇ ತಣ್ಣೀರುಬಾವಿ. ಮಕ್ಕಳಿದ್ದರೆ ಪಿಲಿಕುಳ. ಲಾಡ್ಜಿನ ಕೌಂಟರಿನಲ್ಲಿ ಕೇಳಿ, ರಿಕ್ಷಾದವರನ್ನು ಕೇಳಿ, ಮದುವೆಗೆ ಕರೆದ ನೆಂಟರನ್ನು ಕೇಳಿ, ಹೆಚ್ಚುಕಮ್ಮಿ ಇದೇ ಬರುತ್ತದೆ. ಪಟ್ಟಿಯಲ್ಲಿ ತಪ್ಪೇನಿಲ್ಲ. ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತು ಬೇಕು ಎಂಬುದನ್ನು ಅದು ಚೆನ್ನಾಗಿಯೇ ಹೇಳುತ್ತದೆ. ಆದರೆ ಅಲ್ಲಿಗೆ ಹೋಗಿ ನಿಂತವರು ‘ಇದೇನು, ಯಾಕೆ ಇಲ್ಲಿದೆ’ ಎಂದು ಕೇಳಿದರೆ ಊರಿಗೆ ಮಾತು ಹೊರಡುವುದಿಲ್ಲ. ಹೊರಟರೂ ಒಂದು ಇಸವಿ, ಒಂದು ದಂತಕಥೆ, ಒಂದು ದೊಡ್ಡ ಹೋಲಿಕೆಯಲ್ಲಿ ಮುಗಿಯುತ್ತದೆ. ಊರು ತನ್ನನ್ನು ತಾನು ವಿವರಿಸಿಕೊಳ್ಳುವ ಈ ಕ್ರಮವನ್ನು ಒಂದು ಕೃತಿಯನ್ನು ಓದುವಂತೆ ಓದಿ ಬೆಲೆ ಕಟ್ಟಬೇಕಾಗಿದೆ.

ಒಳ್ಳೆಯ ಉತ್ತರಕ್ಕೆ ಮೂರು ಗುಣ ಬೇಕು. ಕಣ್ಣೆದುರಿಗೆ ಇರುವುದನ್ನು ಅದು ತೋರಿಸಿಕೊಡಬೇಕು. ಐತಿಹ್ಯ ಯಾವುದು, ದಾಖಲೆ ಯಾವುದು ಎಂದು ಬೇರೆ ಮಾಡಿ ಹೇಳಬೇಕು. ಆ ಜಾಗ ಇವತ್ತು ಯಾರ ಬದುಕಿಗೆ ಸೇರಿದೆ ಎಂಬುದನ್ನೂ ತಿಳಿಸಬೇಕು. ಈ ಮೂರನ್ನು ಇಟ್ಟುಕೊಂಡು ನೋಡಿದರೆ ಮಂಗಳೂರಿನ ಉತ್ತರಗಳು ಒಂದೊಂದು ಕಡೆ ಒಂದೊಂದು ಬಗೆಯಲ್ಲಿ ಸೋಲುತ್ತವೆ. ಗೆಲ್ಲುವ ಜಾಗಗಳೂ ಇವೆ.

ಕದ್ರಿಯಿಂದಲೇ ತೊಡಗೋಣ. ಮಂಜುನಾಥ ದೇವಸ್ಥಾನದಲ್ಲಿ ಇವತ್ತಿಗೂ ಪೂಜೆಗೊಳ್ಳುವ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಮೂರು ಮುಖ, ಆರು ಕೈ, ಕುಳಿತ ಭಂಗಿ, ಸುಮಾರು ಐದು ಅಡಿ ಎತ್ತರ. ಪೀಠದಲ್ಲಿ ಸಂಸ್ಕೃತ ಶಾಸನವಿದೆ. ಆಳುಪ ದೊರೆ ಕುಂದವರ್ಮ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದನೆಂದು ಅದು ಹೇಳುತ್ತದೆ. ಕಲಿವರ್ಷದಲ್ಲಿ ಕೊಟ್ಟ ಕಾಲವನ್ನು ಲೆಕ್ಕ ಹಾಕಿದರೆ ಕ್ರಿ.ಶ. 968 ಬರುತ್ತದೆ. ಒಂದೇ ವಿಗ್ರಹದಲ್ಲಿ ದೊರೆಯ ಹೆಸರು, ಊರಿನ ಹಳೆಯ ಹೆಸರು, ಕಾಲ ಎಲ್ಲವೂ ಸಿಗುವುದು ಅಪರೂಪ. ಕಿರೀಟದಲ್ಲಿ ಧ್ಯಾನಿಬುದ್ಧನ ಗುರುತನ್ನು ವಿದ್ವಾಂಸರು ಕಂಡಿದ್ದಾರೆ. ಶಾಸನದ ‘ವಿಹಾರ’ ಬೌದ್ಧವೇ, ಶೈವರು ಅದನ್ನು ಯಾವಾಗ ತಮ್ಮದಾಗಿಸಿಕೊಂಡರು, ನಡುವೆ ನಾಥಪಂಥ ಹೇಗೆ ಬಂತು ಎಂಬ ಚರ್ಚೆಯಲ್ಲಿ ಗೋವಿಂದ ಪೈಯವರಿಂದ ಗುರುರಾಜ ಭಟ್ಟರವರೆಗೆ ಹಲವರು ತೊಡಗಿದ್ದರು.

ಇಷ್ಟು ಸಾಮಗ್ರಿ ಇರುವ ಕಡೆ ಬಂದವರ ಕಿವಿಗೆ ಬೀಳುವುದೇನು? ದೇವಸ್ಥಾನ ತುಂಬ ಪುರಾತನ, ಪರಶುರಾಮರ ಕಾಲದ್ದು, ಹಿಂದಿನ ಕೆರೆಗಳಲ್ಲಿ ತೀರ್ಥಸ್ನಾನ ಮಾಡಬೇಕು. ನಂಬಿಕೆಯನ್ನು ಹೇಳುವುದರಲ್ಲಿ ದೋಷವಿಲ್ಲ. ಅದು ಆ ಸ್ಥಳದ ಜೀವ. ಆದರೆ ಸಾವಿರ ವರ್ಷ ದಾಟಿದ ಲಿಖಿತ ಸಾಕ್ಷಿ ಎದುರಿಗೇ ಇರುವಾಗ ಅದನ್ನು ಬಿಟ್ಟು ಬರೀ ‘ಪುರಾತನ’ ಎನ್ನುವುದು ದೇವಸ್ಥಾನಕ್ಕೂ ನ್ಯಾಯವಲ್ಲ. ದೇವಸ್ಥಾನದ ಮೇಲ್ಗಡೆ, ಗುಡ್ಡದಲ್ಲಿರುವ ಜೋಗಿ ಮಠದ ಕಥೆಯೂ ಹೀಗೆಯೇ ಉಳಿದುಬಿಡುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ತ್ರ್ಯಂಬಕೇಶ್ವರದ ಕುಂಭಮೇಳ ಮುಗಿದ ಮೇಲೆ ನಾಥ ಯೋಗಿಗಳು ಅಲ್ಲಿಂದ ಕಾಲ್ನಡಿಗೆಯಲ್ಲಿ ಕದ್ರಿಗೆ ಬಂದು ಹೊಸ ಮಠಾಧಿಪತಿಗೆ ಪಟ್ಟ ಕಟ್ಟುತ್ತಾರೆ. ಮಹಾರಾಷ್ಟ್ರದಿಂದ ತುಳುನಾಡಿಗೆ ಇಷ್ಟು ಗಟ್ಟಿಯಾದ ದಾರಿ ಇನ್ನೂ ಸವೆಯದೆ ಇದೆ ಎಂಬುದು ಪ್ರವಾಸಿಗೆ ಗೊತ್ತಾದರೆ ಅವನು ಗುಡ್ಡ ಹತ್ತುತ್ತಾನೆ. ಗೊತ್ತಾಗದಿದ್ದರೆ ಕೆಳಗಿನಿಂದಲೇ ಕೈಮುಗಿದು ಮುಂದಿನ ಜಾಗಕ್ಕೆ ಹೊರಡುತ್ತಾನೆ. ಹೊರಡುವವರೇ ಹೆಚ್ಚು.

ಕುದ್ರೋಳಿಯಲ್ಲಿ ತೊಂದರೆ ಬೇರೆ. ಗೋಕರ್ಣನಾಥೇಶ್ವರ ದೇವಸ್ಥಾನಕ್ಕೆ ಬಂದವರು ಮೊದಲು ಕೇಳುವುದು ‘ಎಷ್ಟು ಹಳೆಯದು’ ಎಂದು. 1912 ಎಂದರೆ ಮುಖ ಸಪ್ಪೆಯಾಗುತ್ತದೆ. ಕೇಳಬೇಕಾದದ್ದು, ಹೇಳಬೇಕಾದದ್ದು ಯಾಕೆ ಕಟ್ಟಿದರು ಎಂಬುದು. ಬೇರೆ ದೇವಸ್ಥಾನಗಳ ಒಳಗೆ ಪ್ರವೇಶವಿಲ್ಲದಿದ್ದ ಬಿಲ್ಲವರು ನಾರಾಯಣ ಗುರುಗಳನ್ನು ಕರೆಸಿಕೊಂಡು ಅವರ ಕೈಯಿಂದ ಪ್ರತಿಷ್ಠೆ ಮಾಡಿಸಿದರು. ಆ ಕೆಲಸದ ಮುಂದಾಳು ಸಾಹುಕಾರ್ ಕೊರಗಪ್ಪ. ಈಗ ಕಾಣುವ ಎತ್ತರದ ಗೋಪುರ, ಬಂಗಾರದ ಬಣ್ಣ 1991ರ ಜೀರ್ಣೋದ್ಧಾರದ್ದು. ಮಂಗಳೂರು ದಸರಾದ ಬೆಳಕಿನಲ್ಲಿ ನಿಂತು ನೋಡುವವರಿಗೆ ಗೋಪುರ ಕಾಣುತ್ತದೆ, ಅದರ ಹಿಂದಿನ ಹಟ ಕಾಣುವುದಿಲ್ಲ. ಹಳೆಯದಾದಷ್ಟೂ ದೊಡ್ಡದು ಎಂಬ ಅಳತೆಗೋಲು ನಮ್ಮ ಪ್ರವಾಸಿ ಸಾಹಿತ್ಯದ ದೊಡ್ಡ ದೌರ್ಬಲ್ಯ. ಅದೇ ಅಳತೆಗೋಲು ಬಂದರಿನ ಜೀನತ್ ಬಕ್ಷ್ ಮಸೀದಿಯನ್ನು 644ನೇ ಇಸವಿಯದೆಂದು ಹೇಳಿ ಮುಗಿಸುತ್ತದೆ. ಅದು ಮಾಲಿಕ್ ದೀನಾರರ ಪರಂಪರೆ ಹೇಳುವ ಇಸವಿ ಎಂದು ಸೇರಿಸುವುದಿಲ್ಲ. ಕಣ್ಣಿಗೆ ಕಾಣುವ ಮರದ ಕೆತ್ತನೆಯ ಬಗ್ಗೆ ಎರಡು ಮಾತೂ ಆಡುವುದಿಲ್ಲ.

ಹೋಲಿಕೆಯ ಚಾಳಿಗೆ ಅಲೋಶಿಯಸ್ ಚಾಪೆಲ್ ಬಲಿಯಾಗಿದೆ. ‘ಇದು ನಮ್ಮ ಸಿಸ್ಟೀನ್ ಚಾಪೆಲ್’ ಎನ್ನುವುದು ಕೈಪಿಡಿಗಳ ಕಂಠಪಾಠ. ಮೈಕೆಲೇಂಜೆಲೊ ರೋಮಿನಲ್ಲಿ ಆ ಮಾಡಿಗೆ ಬಣ್ಣ ಹಚ್ಚಿದ್ದು 1508ರಿಂದ 1512ರವರೆಗೆ. ಇಟಲಿಯ ಬೆರ್ಗಾಮೊ ಕಡೆಯ ಜೆಸ್ವಿಟ್ ಸಹೋದರ ಆಂತೋನಿಯೊ ಮೊಸ್ಕೇನಿ ಇಲ್ಲಿ ಕುಂಚ ಹಿಡಿದದ್ದು ಅದಾದ ಸುಮಾರು ನಾಲ್ಕು ಶತಮಾನದ ಮೇಲೆ, 1899ರ ಹೊತ್ತಿಗೆ. ಎರಡಕ್ಕೂ ಹೋಲಿಕೆ ಹಚ್ಚಿದಾಗ ಮೊಸ್ಕೇನಿಯೇ ಸಣ್ಣವನಾಗಿ ಕಾಣುತ್ತಾನೆ, ಅವನ ನಿಜವಾದ ಸಾಹಸ ಮರೆಯಾಗುತ್ತದೆ.

ಆ ಸಾಹಸ ಗೋಡೆಯ ಹತ್ತಿರ ಹೋದರೆ ತಿಳಿಯುತ್ತದೆ. ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ ಹಚ್ಚುವುದು. ಗಾರೆ ಒಣಗುವಾಗ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಗಟ್ಟಿಯಾಗಿ, ಬಣ್ಣವನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಅಂದು ಬರೆದು ಮುಗಿಸುವಷ್ಟು ಜಾಗಕ್ಕೆ ಮಾತ್ರ ಗಾರೆ ಹಚ್ಚಬೇಕು. ತಡವಾದರೆ ಕೆತ್ತಿ ತೆಗೆದು ಮತ್ತೆ ಶುರು ಮಾಡಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಊರಿನಲ್ಲಿ ಈ ಕೆಲಸಕ್ಕೆ ಕೈಹಾಕಿ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದವನು ಅವನು. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ. ತೇವಕ್ಕೆ ಸಿಕ್ಕಿ ಕೆಟ್ಟಿದ್ದ ಚಿತ್ರಗಳನ್ನು 1990ರ ದಶಕದಲ್ಲಿ ಇಂಟಾಕ್ ಸಂಸ್ಥೆಯ ತಜ್ಞರು ಸರಿಪಡಿಸಿದರು. ‘ಇಷ್ಟು ಮಳೆಯಲ್ಲಿ ಈ ಬಣ್ಣ ಹೇಗೆ ಉಳಿಯಿತು?’ ಎಂಬುದು ಇಲ್ಲಿ ಕೇಳಬಹುದಾದ ಅತ್ಯಂತ ಒಳ್ಳೆಯ ಪ್ರಶ್ನೆ. ಸಿಸ್ಟೀನ್ ಹೆಸರು ಅದಕ್ಕೆ ಉತ್ತರವಾಗುವುದಿಲ್ಲ.

ಬೋಳೂರಿನ ಸುಲ್ತಾನ್ ಬತ್ತೇರಿಯ ಉತ್ತರ ಅರ್ಧಕ್ಕೇ ನಿಲ್ಲುತ್ತದೆ. ‘1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪುಕಲ್ಲಿನ ಕಾವಲು ಬುರುಜು, ಗುರುಪುರ ನದಿಗೆ ಯುದ್ಧನೌಕೆ ನುಗ್ಗದಂತೆ ತಡೆಯಲು’ ಎಂಬಷ್ಟು ಎಲ್ಲರಿಗೂ ಬಾಯಿಗೆ ಬರುತ್ತದೆ. ಮೆಟ್ಟಿಲು ಹತ್ತಿ ತೋಪಿನ ಕಿಂಡಿಯಲ್ಲಿ ಇಣುಕಿದವರಿಗೆ ನದಿ ಕಾಣುತ್ತದೆ, ಆಚೆ ದಡದ ಮರಗಳು ಕಾಣುತ್ತವೆ, ದಾಟಿಸುವ ದೋಣಿ ಕಾಣುತ್ತದೆ. ‘ಕೋಟೆ ಎಲ್ಲಿ?’ ಎಂದು ಕೇಳುತ್ತಾರೆ. ಊರಿನ ಕೋಟೆ ಉಳಿದಿಲ್ಲ ಎಂದು ಹೇಳುವವರಿಲ್ಲ. ಆ ಕೋಟೆಯ ದೀರ್ಘ ಮುತ್ತಿಗೆಯ ಬಳಿಕ, 1784ರ ಮಾರ್ಚ್ 11ರಂದು ಟಿಪ್ಪುವಿಗೂ ಈಸ್ಟ್ ಇಂಡಿಯಾ ಕಂಪನಿಗೂ ಇದೇ ಊರಿನಲ್ಲಿ ಒಪ್ಪಂದವಾಯಿತು. ಎರಡನೆಯ ಮೈಸೂರು ಯುದ್ಧ ಮುಗಿದದ್ದು ಹಾಗೆ. ಅದೇ ವರ್ಷ ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಯನ್ನು ಕೆಡವಲಾಯಿತು, ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಒಂದೇ ಇಸವಿ, ಊರಿನ ಮೂರು ಜಾಗ. ಮೂರನ್ನೂ ಒಟ್ಟಿಗೆ ಹೇಳಿದರೆ ಯಾರಿಗಾದರೂ ನೋವಾದೀತೆಂಬ ಅಳುಕಿನಿಂದ ಒಂದೊಂದನ್ನು ಒಂದೊಂದು ಕಡೆ, ತುಂಡು ತುಂಡಾಗಿ ಹೇಳುತ್ತೇವೆ. ಟಿಪ್ಪುವನ್ನು ಹೊಗಳಲಿಕ್ಕೂ ಬೇಡ, ತೆಗಳಲಿಕ್ಕೂ ಬೇಡ. ಆ ವರ್ಷ ಊರಿನಲ್ಲಿ ಏನು ನಡೆಯಿತು ಎಂದು ನೇರವಾಗಿ ಹೇಳುವ ಹತ್ತು ಸಾಲು ಸಾಕು.

ಉದ್ಯಾನಗಳ ವಿಷಯದಲ್ಲಿ ಲೆಕ್ಕಾಚಾರ ಸ್ವಲ್ಪ ಬದಲಾಗುತ್ತದೆ. ಕದ್ರಿ ಪಾರ್ಕಿಗೆ ಹೋಗಿ ಎನ್ನುವವರಲ್ಲಿ ಹಲವರ ತಲೆಯಲ್ಲಿ ಇರುವುದು ತಮ್ಮ ಬಾಲ್ಯದ ಕದ್ರಿ: ಜಿಂಕೆ, ಪುಟಾಣಿ ರೈಲು. ಪ್ರಾಣಿಗಳು ಪಿಲಿಕುಳಕ್ಕೆ ಹೋಗಿ ಎಷ್ಟೋ ಕಾಲವಾಯಿತು. ಹಳೆಯ ನೆನಪನ್ನೇ ಇವತ್ತಿನ ಮಾಹಿತಿ ಎಂದು ಕೊಡುವುದರಿಂದ ಮಕ್ಕಳನ್ನು ಕರೆದುಕೊಂಡು ಬಂದವರು ನಿರಾಶರಾಗುತ್ತಾರೆ.

ವಾಮಂಜೂರಿನ ಆಚೆ, ಮೂಡುಶೆಡ್ಡೆಯಲ್ಲಿರುವ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮವೇ ಈ ಊರು ಕೊಟ್ಟ ಅತ್ಯುತ್ತಮ ಉತ್ತರ. ಸುಮಾರು 370 ಎಕರೆಯಲ್ಲಿ ಮೃಗಾಲಯ, ಕೆರೆ, ವಿಜ್ಞಾನ ಕೇಂದ್ರ, ತಾರಾಲಯ, ಗುತ್ತಿನಮನೆ, ಕುಶಲಕರ್ಮಿಗಳ ಗ್ರಾಮ ಇವೆ. ಗುತ್ತಿನಮನೆಯೊಳಗೆ ಹೊಕ್ಕವನಿಗೆ ಕಂಬದ ದಪ್ಪ, ಅಂಗಳದ ಅಗಲ ನೋಡಿದರೇ ತುಳುನಾಡಿನ ಯಜಮಾನಿಕೆಯ ಅಂದಾಜು ಸಿಗುತ್ತದೆ. ಕುಂಬಾರನ ತಿಗರಿಯ ಪಕ್ಕ ನಿಂತ ಮಗುವಿಗೆ ಬೇರೆ ವಿವರಣೆ ಬೇಡ. ಇಲ್ಲಿನ ಕಾಳಿಂಗ ಸರ್ಪಗಳ ಸಂತಾನವೃದ್ಧಿಯ ಕೆಲಸ ಪಶ್ಚಿಮ ಘಟ್ಟದ ಕಾಡಿನ ಬಗ್ಗೆ ಮಾತು ತೆಗೆಯಲು ಒಳ್ಳೆಯ ನೆಪ. ಕೊರತೆ ಇಲ್ಲವೆಂದಲ್ಲ. ಒಂದೊಂದಕ್ಕೆ ಒಂದೊಂದು ಟಿಕೆಟ್, ನಡುವೆ ನಡೆಯುವ ದೂರ, ಸೋಮವಾರದ ರಜೆ, ಇವನ್ನು ಮೊದಲೇ ಹೇಳದೆ ‘ಅರ್ಧ ದಿನ ಸಾಕು’ ಎಂದು ಕಳಿಸಿದರೆ ಜನ ಬಯ್ಯುತ್ತಲೇ ಮರಳುತ್ತಾರೆ. ಆದರೂ ಕಣ್ಣೆದುರಿಗೆ ಇರುವುದನ್ನು ತೋರಿಸಿಕೊಡುವ ವಿಷಯದಲ್ಲಿ ಪಿಲಿಕುಳಕ್ಕೆ ಹೆಚ್ಚು ಅಂಕ ಕೊಡಲೇಬೇಕು.

ಪಟ್ಟಿಯಲ್ಲಿ ಎಂದೂ ಬಾರದ ಒಂದು ಉದ್ಯಾನವೂ ಇದೆ. 2010ರ ಮೇ 22ರಂದು ಬಜ್ಪೆಯಲ್ಲಿ ನಡೆದ ವಿಮಾನ ದುರಂತದಲ್ಲಿ 158 ಮಂದಿ ಸತ್ತರು. ಗುರುತು ಸಿಗದೆ ಉಳಿದ 12 ದೇಹಗಳನ್ನು ಕೂಳೂರಿನಲ್ಲಿ, ಫಲ್ಗುಣಿ (ಗುರುಪುರ) ನದಿಯ ಬದಿಯಲ್ಲಿ ಮಣ್ಣು ಮಾಡಿದರು, ಅಲ್ಲಿ ಸ್ಮಾರಕವಿದೆ. ತಣ್ಣೀರುಬಾವಿಯ ಬೀಚಿಗೆ ಹೋಗುವವರು ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ.

ಇನ್ನು ವಿಶ್ವವಿದ್ಯಾನಿಲಯ. ‘ಯೂನಿವರ್ಸಿಟಿ ಎಲ್ಲಿ?’ ಎಂದು ಕೇಳಿದವರಿಗೆ ಈ ಊರಿನಲ್ಲಿ ಮೂರು ದಿಕ್ಕಿಗೆ ಕೈ ತೋರಿಸಬಹುದು. ಹಂಪನಕಟ್ಟೆಯಲ್ಲಿರುವುದು 1868ರಲ್ಲಿ ಶುರುವಾದ, ಹಿಂದೆ ಸರ್ಕಾರಿ ಕಾಲೇಜಾಗಿದ್ದ ವಿಶ್ವವಿದ್ಯಾನಿಲಯ ಕಾಲೇಜು. ಸುರತ್ಕಲ್ಲಿನದು 1960ರಲ್ಲಿ ಕೆಆರ್‌ಇಸಿ ಆಗಿ ತೊಡಗಿ ಈಗ ಎನ್‌ಐಟಿಕೆ ಆಗಿರುವ ತಾಂತ್ರಿಕ ಸಂಸ್ಥೆ. ಮಂಗಳೂರು ವಿಶ್ವವಿದ್ಯಾನಿಲಯ ಇರುವುದು ನೇತ್ರಾವತಿ ದಾಟಿ, ಸುಮಾರು 20 ಕಿಲೋಮೀಟರು ದೂರದ ಕೊಣಾಜೆಯ ಗುಡ್ಡದಲ್ಲಿ, ವಿಳಾಸದಲ್ಲಿ ಮಂಗಳಗಂಗೋತ್ರಿ. ಇದಕ್ಕೆ ದೇರಳಕಟ್ಟೆಯ ಡೀಮ್ಡ್ ವಿಶ್ವವಿದ್ಯಾಲಯಗಳನ್ನೂ ಸೇರಿಸಿಕೊಂಡರೆ ಮಗಳ ಅಡ್ಮಿಶನ್‌ಗೆ ದಾಖಲೆ ಹಿಡಿದು ಬಂದ ತಂದೆ ‘ಸ್ಟೇಟ್ ಬ್ಯಾಂಕ್’ ಬಸ್ ನಿಲ್ದಾಣದಲ್ಲಿ ಯಾವ ಬಸ್ ಹತ್ತಬೇಕು? ಆ ನಿಲ್ದಾಣಕ್ಕೆ ಸ್ಟೇಟ್ ಬ್ಯಾಂಕ್ ಎನ್ನುತ್ತಾರೆ ಎಂಬುದೂ ಹೊರಗಿನವರಿಗೆ ಯಾರಾದರೂ ಹೇಳಿಯೇ ತಿಳಿಯಬೇಕು.

ಕೊಣಾಜೆ 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಹುಟ್ಟಿ, 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಅಲ್ಲಿ ಕನ್ನಡವನ್ನು ಕಟ್ಟಿದ ಎಸ್.ವಿ. ಪರಮೇಶ್ವರ ಭಟ್ಟರ ಹೆಸರಿನಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಇದೆ. ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರಂಥವರು ತುಳು ಜಾನಪದವನ್ನೂ ಭೂತಾರಾಧನೆಯನ್ನೂ ಅಧ್ಯಯನ ಮಾಡಿದ್ದು ಈ ಗುಡ್ಡದಲ್ಲೇ. ಮೊದಲ ಕುಲಪತಿ ಬಿ. ಶೇಖ್ ಅಲಿ ಹೈದರ್ ಮತ್ತು ಟಿಪ್ಪುವಿನ ಕಾಲದ ಇತಿಹಾಸಕಾರರು. ಹಾಗಿದ್ದೂ ಸುಲ್ತಾನ್ ಬತ್ತೇರಿಯ ಮೆಟ್ಟಿಲಲ್ಲಿ ನಿಂತವರಿಗೆ ಸಿಗುವುದು ಒಂದೂವರೆ ವಾಕ್ಯ. ನನ್ನ ಮುಖ್ಯ ಆಕ್ಷೇಪ ಇದೇ. ಉತ್ತರ ಗೊತ್ತಿಲ್ಲದ ಊರಾಗಿದ್ದರೆ ಕ್ಷಮಿಸಬಹುದಿತ್ತು. ಇಲ್ಲಿ ಶಾಸನ ಓದಿದವರಿದ್ದಾರೆ, ಪಾಡ್ದನ ಸಂಗ್ರಹಿಸಿದವರಿದ್ದಾರೆ, ಪಿಎಚ್‌.ಡಿ. ಪ್ರಬಂಧಗಳು ಗ್ರಂಥಾಲಯದಲ್ಲಿ ಸಾಲಾಗಿ ನಿಂತಿವೆ. ಪ್ರಶ್ನೆ ಕೇಳುವವರು ಕದ್ರಿಯಲ್ಲಿ, ಬೋಳೂರಿನಲ್ಲಿ. ಉತ್ತರ ಬಲ್ಲವರು ಕೊಣಾಜೆಯಲ್ಲಿ. ನಡುವಿನ ಇಪ್ಪತ್ತು ಕಿಲೋಮೀಟರನ್ನು ದಾಟಿಸುವ ಕೆಲಸ ಯಾರ ಪಾಲಿನದೂ ಆಗಿಲ್ಲ. ಪ್ರವಾಸೋದ್ಯಮದವರಿಗೆ ವಿದ್ವತ್ತು ಭಾರವೆನಿಸುತ್ತದೆ, ವಿದ್ವಾಂಸರಿಗೆ ಫಲಕ ಬರೆಯುವುದು ಸಣ್ಣ ಕೆಲಸವೆನಿಸುತ್ತದೆ. ಕದ್ರಿಯ ಕಂಚಿನ ಬಗ್ಗೆ ಎಂಟು ಸಾಲಿನಲ್ಲಿ, ಯಾರ ನಂಬಿಕೆಯನ್ನೂ ಕೆಣಕದೆ, ಯಾವ ದಾಖಲೆಯನ್ನೂ ಮುಚ್ಚಿಡದೆ ಬರೆಯುವುದು ಒಂದು ಸಂಶೋಧನಾ ಲೇಖನಕ್ಕಿಂತ ಕಷ್ಟ ಎಂಬುದು ಬರೆಯಲು ಕೂತವರಿಗೆ ಮಾತ್ರ ಗೊತ್ತು.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಪ್ರತಿ ಜಾಗಕ್ಕೆ ಒಂದು ಪುಟ ಸಾಕು: ಕನ್ನಡದಲ್ಲಿ, ತುಳುವಿನಲ್ಲಿ, ಇಂಗ್ಲಿಷಿನಲ್ಲಿ. ಅದರಲ್ಲಿ ಇದೇನು, ಯಾರು ಯಾಕೆ ಕಟ್ಟಿದರು, ನಂಬಿಕೆ ಏನು, ದಾಖಲೆ ಏನು, ಇವತ್ತು ಯಾರು ನಡೆಸುತ್ತಾರೆ, ಯಾವಾಗ ಬಾಗಿಲು ತೆರೆದಿರುತ್ತದೆ ಎಂಬಷ್ಟು ಇರಲಿ. ಬರೆಯುವ ಹೊಣೆಯನ್ನು ವಿಶ್ವವಿದ್ಯಾನಿಲಯದ ಇತಿಹಾಸ ಮತ್ತು ಕನ್ನಡ ವಿಭಾಗಗಳು ಹೊರಲಿ. ಅಚ್ಚು ಹಾಕಿಸಿ ನಿಲ್ಲಿಸುವ ಕೆಲಸವನ್ನು ಪಾಲಿಕೆ ಮತ್ತು ಪ್ರವಾಸೋದ್ಯಮ ಇಲಾಖೆ ಮಾಡಲಿ. ಶನಿವಾರ, ಭಾನುವಾರ ಎಂ.ಎ. ವಿದ್ಯಾರ್ಥಿಗಳು ಕದ್ರಿಯಲ್ಲೂ ಬತ್ತೇರಿಯಲ್ಲೂ ನಿಂತು ಬಂದವರೊಂದಿಗೆ ಮಾತಾಡಲಿ, ಅದಕ್ಕೆ ಅಂಕವೂ ಸಿಗಲಿ, ಸಂಭಾವನೆಯೂ ಸಿಗಲಿ. ಮಂಗಳೂರಿಗೆ ಬರುವವರು ಕೆಟ್ಟ ಪ್ರಶ್ನೆಗಳನ್ನು ಕೇಳುತ್ತಿಲ್ಲ. ಅವರಿಗೆ ಸರಿಯಾದ ಉತ್ತರ ಕೊಡುವುದು ಈ ಊರಿನ ಸಾಲ. ಅದನ್ನು ತೀರಿಸುವ ಮೊದಲ ಕಂತು ಕೊಣಾಜೆಯಿಂದ ಬರಬೇಕು.