ಅಸ್ಸಾಯೆಯ ಆನೆ

ಬ್ರಿಟಿಷ್ ಸೈನ್ಯದ ಲಾಂಛನಗಳಲ್ಲಿ ಸಿಂಹ, ಹದ್ದು, ಕಿರೀಟಗಳಿಗೆ ಬರವಿಲ್ಲ. ಅವುಗಳ ನಡುವೆ ನನ್ನ ಕಣ್ಣು ನಿಲ್ಲುವುದು ಒಂದು ಆನೆಯ ಮೇಲೆ. ಅದರ ಜೊತೆಗಿರುವುದು ‘ಅಸ್ಸಾಯೆ’ ಎಂಬ ಒಂದೇ ಹೆಸರು. 19ನೇ ಲೈಟ್ ಡ್ರಗೂನ್ಸ್ ಎಂಬ ಕುದುರೆ ದಂಡಿಗೆ ಸಿಕ್ಕ ಬಿರುದು ಇದು. ಜೀವಮಾನವೆಲ್ಲ ಕುದುರೆಯ ಬೆನ್ನ ಮೇಲೆ ಕಳೆದವರು ಗುರುತಿಗೆಂದು ಧರಿಸಿದ್ದು ಆನೆಯನ್ನು! ಆ ಆನೆಯ ತನಕ ಅವರು ತುಳಿದ ದಾರಿಯ ದೊಡ್ಡ ಭಾಗ ಕನ್ನಡ ನೆಲದಲ್ಲೇ ಇದೆ.

1781ರಲ್ಲಿ ಸರ್ ಜಾನ್ ಬರ್ಗೋಯ್ನ್ ಕಟ್ಟಿದಾಗ ಈ ದಂಡಿನ ಸಂಖ್ಯೆ 23. 19 ಆದದ್ದು 1786ರಲ್ಲಿ. ದಂಡು ಕಟ್ಟಿದ್ದು ಮೈಸೂರಿನ ಹೈದರಾಲಿಯ ರಾವುತರ ವೇಗಕ್ಕೆ ಈಸ್ಟ್ ಇಂಡಿಯಾ ಕಂಪನಿಯ ಕಾಲಾಳುಗಳ ಬಳಿ ಉತ್ತರವಿರದ ಕಾಲದಲ್ಲಿ. 1782ರಲ್ಲಿ ದಂಡು ಮದರಾಸಿಗೆ ಬಂದಿಳಿಯಿತು. ಇಂಗ್ಲೆಂಡಿನ ದೊರೆಯ ಕುದುರೆ ದಂಡೊಂದು ಭಾರತಕ್ಕೆ ಕಾಲಿಟ್ಟದ್ದು ಅದೇ ಮೊದಲು.

ದಂಡಿನ ಚರಿತ್ರೆ ಓದುವವರು ಸಾಮಾನ್ಯವಾಗಿ ಕದನದಿಂದ ಕದನಕ್ಕೆ ಹಾರುತ್ತಾರೆ. ನನಗೆ ಹೆಚ್ಚು ರುಚಿಸುವುದು ಲಾಯದ ಸಂಗತಿ. ದಕ್ಷಿಣದಲ್ಲಿ ಕುದುರೆಗೆ ಓಟ್ಸ್ ಎಲ್ಲಿಂದ ಬರಬೇಕು? ನಮ್ಮ ಹುರುಳಿಯನ್ನೇ ಬೇಯಿಸಿ, ಆರಿಸಿ ಉಣಿಸುತ್ತಿದ್ದರು. ಒಂದೊಂದು ಕುದುರೆಗೂ ಮೈ ಉಜ್ಜಿ ನೋಡಿಕೊಳ್ಳಲು ಒಬ್ಬ ಆಳು, ಹುಲ್ಲು ತರಲು ಇನ್ನೊಬ್ಬ. ಪಾಳೆಯ ಬಿಟ್ಟೊಡನೆ ಹುಲ್ಲಿನವರು ಸುತ್ತಲ ಹೊಲದ ಬದುಗಳಿಗೆ ಹರಡಿಕೊಳ್ಳುತ್ತಿದ್ದರು. ಬಿಸಿಲಿಗೆ ಮೇಲಿನ ಎಸಳು ಒಣಗಿದ್ದರೂ ಗರಿಕೆಯ ಬೇರಿನಲ್ಲಿ ರಸವಿರುತ್ತದೆ. ಅದನ್ನು ಬೇರುಸಮೇತ ಕೆತ್ತಿ, ಮಣ್ಣು ಒದರಿ, ನೀರಿನಲ್ಲಿ ಜಾಲಿಸಿ, ಹೊರೆ ಕಟ್ಟಿ ತರುತ್ತಿದ್ದರು. ಈ ಕೆಲಸ ಒಂದೆರಡು ದಿನ ನಿಂತರೆ ಎಂಥ ಶೂರ ರಾವುತನೂ ಕಾಲಾಳಾಗುತ್ತಿದ್ದ. ದಂಡಿನ ಕೀರ್ತಿಯಲ್ಲಿ ಈ ಕೈಗಳಿಗೆ ಸಮಪಾಲು ಸಲ್ಲಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ದಂಡನ್ನು ಪಳಗಿಸಿದವನು ಜಾನ್ ಫ್ಲಾಯ್ಡ್. 1760ರಲ್ಲಿ ಜರ್ಮನಿಯ ಎಮ್ಸ್‌ಡಾರ್ಫ್ ಕದನದಲ್ಲಿ ಕುದುರೆ ಓಡಿಸಿದಾಗ ಅವನು 12ರ ಹುಡುಗ. 1791ರ ಮಾರ್ಚ್ 6ರಂದು ಬೆಂಗಳೂರಿನ ಹೊರಗೆ ಟಿಪ್ಪುವಿನ ಸೈನ್ಯದ ಹಿಂಭಾಗವನ್ನು ಕಂಡವನು ತಡೆಯಲಾರದೆ ಮೇಲೆ ಬಿದ್ದ. ಗುಂಡೊಂದು ಕೆನ್ನೆಯನ್ನು ಸೀಳಿತು, ದಳ ಚೆಲ್ಲಾಪಿಲ್ಲಿಯಾಯಿತು, ನೂರಾರು ಕುದುರೆಗಳು ಹೋದವು. ಆ ದಿನ ಗೆದ್ದದ್ದು ಮೈಸೂರಿನವರು. ಎಂಟು ವರ್ಷಗಳ ನಂತರ, 1799ರ ಮಾರ್ಚ್ 27ರಂದು, ಮಳವಳ್ಳಿಯ ಬಯಲಿನಲ್ಲಿ ಅದೇ ಫ್ಲಾಯ್ಡ್ ಸರಿಯಾದ ಗಳಿಗೆಗೆ ಕಾದು ನುಗ್ಗಿ ಟಿಪ್ಪುವಿನ ಕಾಲಾಳುಗಳ ಸಾಲನ್ನು ಒಡೆದ. ಸೋಲಿನಿಂದ ಕಲಿತ ಆ ಕಾಯುವಿಕೆ ನನಗೆ ಗೆಲುವಿಗಿಂತ ದೊಡ್ಡದಾಗಿ ಕಾಣುತ್ತದೆ. (ಅವನ ಮಗಳು ಜೂಲಿಯಾ ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ರಾಬರ್ಟ್ ಪೀಲನ ಕೈಹಿಡಿದಳು.)

ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ಹೊರಬಿದ್ದ ಚನ್ನಗಿರಿಯ ಧೋಂಡಿಯಾ ವಾಘ್, ತಾನು ಉಭಯ ಲೋಕಗಳ ದೊರೆ ಎಂದು ಸಾರಿಕೊಂಡು ದಂಡು ಕಟ್ಟಿದ. ಅವನ ಬೆನ್ನುಹತ್ತಿ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ತಿಂಗಳುಗಟ್ಟಲೆ ತುಂಗಭದ್ರೆ, ಮಲಪ್ರಭೆಗಳ ಸೀಮೆಯನ್ನು ಅಲೆದ. 1800ರ ಸೆಪ್ಟೆಂಬರ್ 10ರಂದು ರಾಯಚೂರು ಕಡೆಯ ಕೋಣಗಲ್ಲಿನಲ್ಲಿ ನಾಲ್ಕು ಕುದುರೆ ದಂಡುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದ. ಅವುಗಳಲ್ಲಿ 19 ಒಂದು; ಎರಡು ಮದರಾಸಿನ ದೇಶೀ ದಂಡುಗಳು. ಧೋಂಡಿಯಾ ಅಲ್ಲೇ ಮಡಿದ. ಅನಾಥನಾಗಿ ಉಳಿದ ಅವನ ಮಗು ಸಲಾಬತ್ ಖಾನನನ್ನು ಸಾಕುವ ಹೊಣೆಯನ್ನು ವೆಲ್ಲೆಸ್ಲಿಯೇ ಹೊತ್ತ.

ಇನ್ನು ಅಸ್ಸಾಯೆ. ಇಂದಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಹಳ್ಳಿ. 1803ರ ಸೆಪ್ಟೆಂಬರ್ 23. ಕೈಟ್ನಾ ಹೊಳೆಯ ಎರಡು ದಡಗಳಲ್ಲಿ ಎದುರುಬದುರು ಎರಡು ಹಳ್ಳಿಗಳನ್ನು ಕಂಡ ವೆಲ್ಲೆಸ್ಲಿ, ಹಾಗಿದ್ದ ಮೇಲೆ ನಡುವೆ ಹೊಳೆ ದಾಟುವ ಕಡವು ಇರಲೇಬೇಕೆಂದು ಲೆಕ್ಕ ಹಾಕಿ ಸೈನ್ಯವನ್ನು ದಾಟಿಸಿದ. ಈಗ ಬ್ರಿಟಿಷರ ಜೊತೆಗಿದ್ದ ಮೈಸೂರಿನ ರಾವುತರು ದಕ್ಷಿಣ ದಡದಲ್ಲಿ ಕಾವಲು ನಿಂತರು. ಎದುರಾಳಿಯಾದ ಮರಾಠಾ ದೊರೆ ಸಿಂಧಿಯಾನ ಫಿರಂಗಿಗಳ ಗುರಿ ತಪ್ಪುತ್ತಿರಲಿಲ್ಲ. 74ನೇ ಸ್ಕಾಟಿಷ್ ದಂಡು ಹಳ್ಳಿಯ ತೀರ ಹತ್ತಿರ ಹೋಗಿ ಸಿಕ್ಕಿಬಿದ್ದು, ಮರಾಠಾ ರಾವುತರ ನಡುವೆ ಇನ್ನೇನು ಪೂರ್ತಿ ಅಳಿದುಹೋಗಬೇಕು, ಆಗ ಕುದುರೆ ದಳದ ನಾಯಕ ಪ್ಯಾಟ್ರಿಕ್ ಮ್ಯಾಕ್ಸ್‌ವೆಲ್ 19ನ್ನೂ ಮದರಾಸಿನ 4ನೇ ದೇಶೀ ಕುದುರೆ ದಂಡನ್ನೂ ಕರೆದುಕೊಂಡು ನುಗ್ಗಿದ. 74ರಲ್ಲಿ ಉಳಿದವರು ಉಳಿದದ್ದು ಇದರಿಂದ. ಸಂಜೆಯೊಳಗೆ ಇನ್ನೊಂದು ದಾಳಿಯಲ್ಲಿ ಮ್ಯಾಕ್ಸ್‌ವೆಲ್ ಸತ್ತ. ವಾಟರ್ಲೂ ಗೆದ್ದ ವೆಲ್ಲೆಸ್ಲಿಯನ್ನು ಮುಪ್ಪಿನಲ್ಲಿ ಯಾರೋ ಕೇಳಿದಾಗ, ರಣರಂಗದಲ್ಲಿ ತಾನು ಮಾಡಿದ ಅತ್ಯುತ್ತಮ ಕೆಲಸ ಅಸ್ಸಾಯೆ ಎಂದನಂತೆ. ಆನೆ ಬಂದದ್ದು ಆ ಒಂದು ಮಧ್ಯಾಹ್ನಕ್ಕಾಗಿ. ಜೊತೆಗೆ ಗೌರವದ ಧ್ವಜವೂ ಬಂತು.

ಮುಂದಿನದು ಬೇಗ ಮುಗಿಯುತ್ತದೆ. 1806ರಲ್ಲಿ ಭಾರತ ಬಿಟ್ಟು, ಕೆನಡಾದ ನಯಾಗರಾ ಸೀಮೆಯಲ್ಲಿ ಕಾದಾಡಿ, 1821ರಲ್ಲಿ ದಂಡು ಕರಗಿತು. 1858ರಲ್ಲಿ, ಸಿಪಾಯಿ ದಂಗೆಯ ಗಲಿಬಿಲಿಯಲ್ಲಿ, ಬಂಗಾಳದಲ್ಲಿ ಹುಟ್ಟಿದ ಹೊಸ ದಂಡೊಂದು 19ನೇ ಹುಸಾರ್ಸ್ ಆಗಿ ಆ ಸಂಖ್ಯೆಯ ಜೊತೆಗೆ ಹಳೆಯ ಆನೆಯನ್ನೂ ಪಡೆಯಿತು. 1922ರಲ್ಲಿ ಅದು 15ನೆಯದರ ಜೊತೆ ಸೇರಿತು. 1992ರಲ್ಲಿ ಆ ಜೋಡಿ ಲೈಟ್ ಡ್ರಗೂನ್ಸ್‌ನಲ್ಲಿ ಬೆರೆಯಿತು. ಇಂದಿಗೂ ಅವರ ಕದನ ಬಿರುದುಗಳ ಪಟ್ಟಿಯಲ್ಲಿ ಮೈಸೂರು, ಶ್ರೀರಂಗಪಟ್ಟಣ, ಅಸ್ಸಾಯೆ ಸೇರಿವೆ.

ಗೆದ್ದವರ ಕಡೆಯಿಂದ ಈ ಕಥೆಯನ್ನು ಕರ್ನಲ್ ಜಾನ್ ಬಿಡಲ್ಫ್ 1899ರಲ್ಲೇ ಪುಸ್ತಕ ಮಾಡಿದ್ದಾನೆ; ಓದಲು ತಕ್ಕ ಪುಸ್ತಕ. ಮಳವಳ್ಳಿ, ಕೋಣಗಲ್ಲು, ಚನ್ನಗಿರಿಯ ಕಡೆಯಿಂದ, ಹುರುಳಿ ಬೇಯಿಸಿದವರ, ಗರಿಕೆ ಕೆತ್ತಿದವರ ಕಡೆಯಿಂದ ಇದೇ ಕಥೆಯನ್ನು ಕನ್ನಡದಲ್ಲಿ ಯಾರಾದರೂ ಬರೆಯಬೇಕು. ಆ ಊರುಗಳ ಹಿರಿಯರ ಬಾಯಲ್ಲಿ ಏನಾದರೂ ಉಳಿದಿದ್ದರೆ, ದಯವಿಟ್ಟು ಈಗಲೇ ಬರೆದಿಡಿ.